ಮೂರನೆಯ ಮಗು

ನಮ್ಮೂರಿನಲ್ಲಿ ಭಾನುವಾರ ಯಾವತ್ತು ಬರುತ್ತದೆಂಬುದು ದೊಡ್ಡವರಿಗೆ ತಿಳಿಯುವುದಿಲ್ಲ. ಒಮ್ಮೊಮ್ಮೆ ಐದು ದಿನಕ್ಕೇ ಬಂದುಬಿಡುತ್ತದೆ, ಒಮ್ಮೊಮ್ಮೆ ಇಪ್ಪತ್ತು ದಿನ ಕಳೆದರೂ ಸುಳಿವಿರುವುದಿಲ್ಲ. ಉಳಿದ ದಿನಗಳಿಗೆ ನಾವು ಹೆಸರಿಟ್ಟಿಲ್ಲ. ಹಿಂದಿನ ಭಾನುವಾರದಿಂದ ಒಂದನೆಯದು, ಎರಡನೆಯದು ಎಂದು ಎಣಿಸುತ್ತ ಹೋಗುತ್ತೇವೆ. ಆದ್ದರಿಂದ ಎಲ್ಲರ ಮನೆಯಲ್ಲೂ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ ಬಾಗಿಲ ಪಕ್ಕದ ಮೊಳೆಗೆ ಸದಾ ತೂಗಾಡುತ್ತಿರುತ್ತದೆ. ಮೇಷ್ಟ್ರು ಪರೀಕ್ಷೆಯ ಪ್ರಶ್ನೆಗಳನ್ನು ಹಿಂದಿನ ದಿನವೇ ಬೋರ್ಡಿನ ಮೇಲೆ ಬರೆದಿಡುವುದಿಲ್ಲ. ಇಡ್ಲಿಗೆ ನೆನೆಹಾಕುವ ಹೆಂಗಸರು, ನಾಳೆ ಭಾನುವಾರವಾದರೆ ಇಷ್ಟು ಸಾಕಾಗುವುದಿಲ್ಲವಲ್ಲ ಎಂದು ದಿನವೂ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಾರೆ. ಪರವೂರಿನ ನೆಂಟರಿಗೆ ಇದನ್ನೆಲ್ಲ ವಿವರಿಸುವ ಗೋಜಿಗೆ ನಾವು ಹೋಗುವುದಿಲ್ಲ. ಬಂದವರು ನಾಲ್ಕು ದಿನ ಇದ್ದು ಅಭ್ಯಾಸ ಮಾಡಿಕೊಳ್ಳುತ್ತಾರೆ, ಇಲ್ಲವೇ ಹೊರಟುಹೋಗುತ್ತಾರೆ.

ಭಾನುವಾರ ಬಂದದ್ದು ತಿಳಿಯುವುದು ಮಕ್ಕಳಿಗೆ. ಅದೂ ಎಲ್ಲ ಮಕ್ಕಳಿಗಲ್ಲ, ಚರ್ಚಿಗೆ ತಪ್ಪದೆ ಬರುವ ಮಕ್ಕಳಿಗೆ. ಅವರು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅವರಿಗದು ಗೊತ್ತಾಗಿರುತ್ತದೆ. ಹೇಗೆ ಗೊತ್ತಾಗುತ್ತದೆಂದು ನಾನು ಒಮ್ಮೆ ನಮ್ಮ ಪಾದ್ರಿ ಅಯ್ಯನವರ ಮೊಮ್ಮಗಳು ಸಲೋಮಿಯನ್ನು ಕೇಳಿದ್ದೆ. ಅವಳಿಗೆ ಹತ್ತು ವರ್ಷ. ನನ್ನ ಕಡೆ ಕನಿಕರದಿಂದ ನೋಡಿ, ‘ನಿಮಗೆ ಹಸಿವಾಗಿದ್ದು ಹೇಗೆ ಗೊತ್ತಾಗುತ್ತೆ?’ ಎಂದಳು. ನಾಲ್ಕೈದು ಸಲ ತಪ್ಪಿಸಿದ ಮಕ್ಕಳಿಂದ ಇದು ಹೊರಟುಹೋಗುತ್ತದೆ. ತಪ್ಪಿಸದವರಲ್ಲೂ ಹದಿಮೂರು ಹದಿನಾಲ್ಕಕ್ಕೆ, ಹುಡುಗರ ದನಿ ಒಡೆಯುವ ಹೊತ್ತಿಗೆ, ಮುಗಿದುಹೋಗುತ್ತದೆ.

ನನ್ನ ಹೆಸರು ಸಮಾಧಾನ. ಚರ್ಚಿನ ಗಂಟೆ ಹೊಡೆಯುವುದು ನನ್ನ ಕೆಲಸ. ದಿನವೂ ಮುಂಜಾನೆ ಹೋಗಿ ಚರ್ಚಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಒಟ್ಟು ಏಳು ಮೆಟ್ಟಿಲು. ಬಿಸಿಲು ಮೊದಲು ಮೇಲಿನ ಮೆಟ್ಟಿಲಿಗೆ ಬಿದ್ದು, ಒಂದೊಂದಾಗಿ ಇಳಿದು ನೆಲ ಮುಟ್ಟುವಷ್ಟರಲ್ಲಿ ಬೇರೆ ಬೇರೆ ಮನೆಯ ಮೂರು ಮಕ್ಕಳು ಬಂದು ನನಗೆ ‘ಇವತ್ತು’ ಎಂದು ಹೇಳಬೇಕು. ಹೇಳಿದರೆ ಗಂಟೆ ಹೊಡೆಯುತ್ತೇನೆ. ಹಂಚಿನ ಕಾರ್ಖಾನೆಯ ಚಕ್ರಗಳು ನಿಲ್ಲುತ್ತವೆ, ಊರು ಮೊಳೆಯಿಂದ ಅಂಗಿ ತೆಗೆದು ತೊಟ್ಟುಕೊಳ್ಳುತ್ತದೆ. ಮೂವರು ಬಾರದಿದ್ದರೆ ಆ ದಿನ ಏನೇ ಆಗಿದ್ದರೂ ಭಾನುವಾರವಲ್ಲ. ನಾನು ಮಕ್ಕಳನ್ನು ಕೇಳುವಂತಿಲ್ಲ, ಕೆಮ್ಮುವಂತಿಲ್ಲ, ಆಸೆಗಣ್ಣಿನಿಂದ ನೋಡುವಂತಿಲ್ಲ.

ಮೊದಲು ಇಬ್ಬರು ಸಾಕಿತ್ತಂತೆ. ನನ್ನ ಅಪ್ಪನ ಕಾಲದಲ್ಲಿ ಇಬ್ಬರು ಹುಡುಗರು ಗಣಿತದ ಪರೀಕ್ಷೆಯ ದಿನ ಮಾತಾಡಿಕೊಂಡು ಬಂದು ಸುಳ್ಳು ಹೇಳಿದರು. ಗಂಟೆಯಾಯಿತು, ಚರ್ಚು ತುಂಬಿತು, ಎಲ್ಲರೂ ಎದ್ದು ಹಾಡಲು ಬಾಯಿ ತೆರೆದರು. ಯಾರ ಬಾಯಿಂದಲೂ ದನಿ ಹೊರಡಲಿಲ್ಲ. ಇನ್ನೂರು ಜನ ಬಾಯಿ ತೆರೆದುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಸ್ವಲ್ಪ ಹೊತ್ತು ನಿಂತು, ಮಾತಿಲ್ಲದೆ ಮನೆಗೆ ಹೋದರು. ಅಂದಿನಿಂದ ಮೂವರು.

ಇನ್ನು ಜೀವರತ್ನಳ ವಿಷಯ. ಅವಳು ಹಂಚಿನ ಕಾರ್ಖಾನೆಯಲ್ಲಿ ಹಂಚು ತಟ್ಟುವ ಕೆಲಸ ಮಾಡುತ್ತಾಳೆ. ಸುಟ್ಟು ಬಂದ ಪ್ರತಿಯೊಂದು ಹಂಚಿಗೂ ಬೆರಳ ಗೆಣ್ಣಿನಿಂದ ಒಂದು ಏಟು ಕೊಟ್ಟು, ದನಿ ಕೇಳಿ, ಒಳಗೆ ಬಿರುಕಿದ್ದರೆ ಪಕ್ಕಕ್ಕೆ ಎಸೆಯುವುದು. ಭಾನುವಾರವು ಶನಿವಾರದ ಮರುದಿನವೇ ಬರುವಂಥ ಒಂದು ಊರಿನಿಂದ, ಗಂಡ ತೀರಿಕೊಂಡ ಮೇಲೆ, ಎಂಟು ವರ್ಷದ ಮಗಳು ತಬಿತಳನ್ನು ಕರೆದುಕೊಂಡು ಬಂದವಳು. ಚರ್ಚಿನ ಮಾಡಿಗೆ ಹಂಚು ತರಲು ನಾನು ಹೋದಾಗ ಅವಳು ಮುನ್ನೂರು ಹಂಚನ್ನೂ ನನ್ನೆದುರು ತಟ್ಟಿ ನಲವತ್ತನ್ನು ಬೇಡವೆಂದಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ ಇದ್ದವು. ‘ಇದರಲ್ಲಿ ಏನಾಗಿದೆ?’ ಎಂದು ಒಂದನ್ನು ಎತ್ತಿ ತೋರಿಸಿದೆ. ‘ಏನೂ ಆಗಿಲ್ಲ, ಆಗೋದಿದೆ’ ಎಂದಳು. ನನಗೆ ಆಗ ಮೂವತ್ತೊಂಬತ್ತು. ಮುಂದಿನ ಭಾನುವಾರ ಬರುವುದರೊಳಗೇ ಅಯ್ಯನವರ ಮೂಲಕ ಕೇಳಿಸಿದೆ. ಅವಳು ಹತ್ತು ದಿನ ಯೋಚಿಸಿ ಒಪ್ಪಿದಳು.

ತಬಿತ ಒಪ್ಪಲಿಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ ಕೂಡ. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಅವಳು ನನ್ನನ್ನು ಬಾಗಿಲಲ್ಲೇ ವಿಚಾರಿಸಿಕೊಂಡಳು.

‘ನೀವು ನಮ್ಮನೆಗೆ ಬರೋದಾ, ನಾವು ನಿಮ್ಮನೆಗಾ?’

‘ನೀವು ನಮ್ಮನೆಗೆ.’

‘ನಿಮ್ಮನೆಗೆ ಒಂದೇ ಕಿಟಕಿ.’

‘ಇನ್ನೊಂದು ಇಡಿಸ್ತೀನಿ.’

‘ಇಡಿಸಿದ ಮೇಲೆ ಮಾತಾಡೋಣ, ಗಂಟೆ ಮಾಮ’ ಎಂದು ಒಳಗೆ ಹೋದಳು.

ನಮ್ಮಲ್ಲಿ ಮದುವೆಗೆ ಮುಂಚೆ ಇಬ್ಬರ ಹೆಸರನ್ನೂ ಮೂರು ಭಾನುವಾರ ಚರ್ಚಿನಲ್ಲಿ ಓದಬೇಕು. ಇದಕ್ಕೆ ಪ್ರಕಟಣೆ ಎನ್ನುತ್ತೇವೆ. ಮೊದಲ ಎರಡು ಓದುವಾಗ ಹೆಣ್ಣು ಮನೆಯಲ್ಲಿರಬೇಕು, ಮೂರನೆಯದಕ್ಕೆ ಬಂದು ಮುಂದಿನ ಬೆಂಚಿನಲ್ಲಿ ಕೂರಬೇಕು. ಮೊದಲನೆಯ ಪ್ರಕಟಣೆಯಿಂದ ನೂರು ದಿನದೊಳಗೆ ಮೂರನೆಯದು ಆಗದಿದ್ದರೆ ಅದು ಬಿದ್ದುಹೋಗುತ್ತದೆ. ಬಿದ್ದುಹೋದ ಎರಡು ಹೆಸರನ್ನು ಮತ್ತೆ ಜೋಡಿಸಿ ಓದುವಂತಿಲ್ಲ. ನೂರು ದಿನವೆಂದರೆ ಬೇಕಾದಷ್ಟಾಯಿತು ಎಂದು ನಾವು ಯಾರೂ ಅದರ ಬಗ್ಗೆ ಚಿಂತಿಸುತ್ತಿರಲಿಲ್ಲ. ನಮ್ಮ ಮೊದಲ ಪ್ರಕಟಣೆಯಾದ ಒಂಬತ್ತನೇ ದಿನಕ್ಕೆ ಎರಡನೆಯದಾಯಿತು. ಹನ್ನೆರಡನೇ ದಿನ ಬಡಗಿಯ ಮಗ ಗಿದ್ಯೋನ, ತನ್ನ ಅಪ್ಪನನ್ನು ಊಟಕ್ಕೆ ಕರೆಯಲು ಹೋಗಿ, ಗಂಡಸಿನ ದನಿಯಲ್ಲಿ ಕೂಗಿದ.

ತಪ್ಪದೆ ಬಂದು ಹೇಳುತ್ತಿದ್ದ ಮೂವರಲ್ಲಿ ಗಿದ್ಯೋನ ಮೂರನೆಯವನು. ಉಳಿದ ಇಬ್ಬರೆಂದರೆ ಸಲೋಮಿ ಮತ್ತು ಗಾಣದ ಓಣಿಯ ಆರು ವರ್ಷದ ಮೀಕ. ಹದಿನೆಂಟನೇ ದಿನ ಅವರಿಬ್ಬರೂ ಬಂದು ‘ಇವತ್ತು’ ಎಂದರು. ಬಿಸಿಲು ಏಳೂ ಮೆಟ್ಟಿಲು ಇಳಿಯಿತು. ಗಿದ್ಯೋನ ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದ. ‘ನನಗೆ ಗೊತ್ತಾಗ್ತಿಲ್ಲ’ ಎಂದು ಆ ಹೊಸ ದನಿಯಲ್ಲಿ ಹೇಳಿ ಮುಖ ಮುಚ್ಚಿಕೊಂಡ. ನಾನು ಅವನನ್ನು ಸಮಾಧಾನ ಮಾಡಿ ಕಳಿಸಿದೆ. ಇಪ್ಪತ್ತಾರನೇ ದಿನವೂ ಇಬ್ಬರೇ. ಊರಿನಲ್ಲಿ ನೂರಾ ಹತ್ತು ಮನೆ, ಮಕ್ಕಳಿಗೇನೂ ಕೊರತೆಯಿಲ್ಲ. ಆಗ ನಮಗೆ ಅರ್ಥವಾಯಿತು, ಎಲ್ಲರೂ ಪಕ್ಕದ ಮನೆಯ ಮಗುವನ್ನು ನಂಬಿಕೊಂಡು ತಮ್ಮ ಮಗುವನ್ನು ಮಲಗಲು ಬಿಟ್ಟಿದ್ದಾರೆಂದು.

ಅಯ್ಯನವರು ಮನೆಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಉಪ್ಪಿನ ಬೀದಿಯ ಅಂಗಡಿಯ ಪ್ರಿಯಲತಮ್ಮನಿಗೆ ಮೂವರು ಮಕ್ಕಳು. ಅವರ ಮನೆಯಲ್ಲಿ ಕಾಫಿ ಕೊಟ್ಟರು.

‘ನಮ್ಮೋರೇ ಬೇಕಾ ಅಯ್ನೋರೆ? ಊರ್ ತುಂಬ ಮಕ್ಕಳಿದಾವೆ’ ಎಂದಳು ಪ್ರಿಯಲತಮ್ಮ.

‘ಊರ್ ತುಂಬ ಇದೇ ಮಾತು ಹೇಳಿದ್ರು ತಾಯಿ. ನಿಮ್ಮದು ಅರವತ್ತನೇ ಮನೆ.’

‘ನಾನೇನು ತಪ್ಪಿಸ್ತೀನಾ? ಗಂಟೆಯಾದ ಕೂಡ್ಲೇ ಮೊದಲು ಬರೋಳು ನಾನೇ. ಮಕ್ಕಳು ಮಲಗಿರ್ತಾವೆ, ಪಾಪ. ಅವು ನಿದ್ದೆಗಣ್ಣಲ್ಲಿ ಬಂದು ಏನ್ ಕೇಳ್ತಾವೆ?’

ಅವಳ ಗಂಡ ಒಳಗಿನಿಂದಲೇ ಸೇರಿಸಿದ. ‘ಬಲವಂತ ಯಾಕೆ ಅಯ್ನೋರೆ? ದೊಡ್ಡೋರಾದ ಮೇಲೆ ಅವೇ ಬರ್ತಾವೆ.’

‘ದೊಡ್ಡೋರಾದ ಮೇಲೆ ಬಂದು ಏನ್ಮಾಡ್ತಾವೆ? ಯಾವತ್ತು ಬರಬೇಕು ಅಂತ ಆಗ ಅವಕ್ಕೂ ಗೊತ್ತಾಗಲ್ಲವಲ್ಲ, ನಿನ್ನ ಹಾಗೆ’ ಎಂದರು ಅಯ್ಯನವರು. ಆ ಮನುಷ್ಯ ನಕ್ಕ. ಅಯ್ಯನವರು ನಗಲಿಲ್ಲ. ನಿಯಮವನ್ನು ಇಬ್ಬರಿಗೆ ಇಳಿಸಬಾರದೇ ಎಂದು ಕೆಲವರು ಕೇಳಿದರು. ‘ಇವತ್ತು ಇಬ್ಬರು ಸಾಕು ಅಂತೀರಿ, ನಾಳೆ ಒಬ್ಬರು ಅಂತೀರಿ, ನಾಡಿದ್ದು ಮಕ್ಕಳೇ ಬೇಡ, ಒಂದು ಗಡಿಯಾರ ತಂದು ನೇತುಹಾಕಿ ಅಂತೀರಿ’ ಎಂದು ಅವರಿಗೆ ಉತ್ತರ ಸಿಕ್ಕಿತು.

ಕೊನೆಗೆ ಜೀವರತ್ನಳ ಮನೆಗೂ ಹೋದೆವು. ಅವಳು ಅಯ್ಯನವರ ಮಾತನ್ನೆಲ್ಲ ನಿಂತುಕೊಂಡೇ ಕೇಳಿದಳು. ಬಳಿಕ, ‘ತಪ್ಪು ನನ್ನದೂ ಇದೆ ಅಯ್ನೋರೆ. ಈ ಊರಿಗೆ ಬಂದ ಹೊಸದರಲ್ಲಿ ಏಳು ದಿನಕ್ಕೊಂದು ಸಲ ಇವಳನ್ನ ಕರ್ಕೊಂಡು ಬಂದೆ, ಬಾಗಿಲು ಹಾಕಿತ್ತು. ಆಮೇಲೆ ಗಂಟೆ ಕೇಳಿದ ದಿನ, ಇವತ್ತೊಂದಿನ ಮೈ ಚಾಚೋಣ ಅಂತ ಮಲಗಿದೆ. ಅದೇ ಅಭ್ಯಾಸ ಆಗೋಯ್ತು’ ಎಂದಳು.

‘ಈಗ ಭಾನುವಾರವೇ ಇಲ್ಲ. ಅಭ್ಯಾಸ ಮಾಡಿಸೋದಾದ್ರೂ ಹೇಗೆ?’ ಎಂದೆ ನಾನು.

ಅವಳು ತನ್ನ ಬೆರಳ ಗೆಣ್ಣನ್ನು ಸವರಿಕೊಂಡಳು. ‘ಹಂಚು ತಟ್ಟೋದನ್ನ ನನಗೆ ಯಾರೂ ಹೇಳಿಕೊಡಲಿಲ್ಲ. ಮೊದಲನೇ ದಿನ ಎಲ್ಲ ಒಂದೇ ಥರ ಕೇಳಿಸ್ತು. ಸುಮ್ನೆ ದಿನಾ ಕೂತು ತಟ್ಟಿದೆ. ಒಂದು ದಿನ ಬೇರೆ ಬೇರೆ ಕೇಳಿಸ್ತು. ದಿನಾ ಬರ್ತೀವಿ. ಅಷ್ಟರಲ್ಲಿ ಯಾವುದಾದರೊಂದು ದಿನ ಭಾನುವಾರ ಆಗಿರಲೇಬೇಕಲ್ಲ?’

ಮರುದಿನ, ಅಂದರೆ ಮೊದಲ ಪ್ರಕಟಣೆಯ ಮೂವತ್ತಾರನೇ ದಿನ, ಅವಳು ಬಂದಳು. ಮಗಳಿಗೆ ತಲೆ ಬಾಚಿ, ರಿಬ್ಬನ್ ಕಟ್ಟಿ, ಬಿಳಿ ಫ್ರಾಕ್ ಹಾಕಿ, ಕಾಲಿಗೆ ಬೂಟು ತೊಡಿಸಿ, ತಾನೂ ಒಳ್ಳೆಯ ಸೀರೆ ಉಟ್ಟು. ಮುಚ್ಚಿದ ಬಾಗಿಲೆದುರು ಮೂರನೇ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಆರಾಧನೆ ಎಷ್ಟು ಹೊತ್ತು ನಡೆಯುತ್ತದೋ ಅಷ್ಟು ಹೊತ್ತು ಕೂತರು. ಜೀವರತ್ನ ಮೆಲ್ಲಗೆ ಒಂದು ಕೀರ್ತನೆ ಹೇಳಿಕೊಂಡಳು, ಮಗಳಿಗೆ ಒಂದು ಕಥೆ ಹೇಳಿದಳು, ಕಣ್ಣು ಮುಚ್ಚಿಸಿ ಪ್ರಾರ್ಥನೆ ಮಾಡಿಸಿದಳು. ಬಳಿಕ ಎದ್ದು ಸೀರೆ ಕೊಡವಿಕೊಂಡು, ‘ಬರ್ತೀವಿ’ ಎಂದು ನನಗೆ ಹೇಳಿ, ಮಗಳನ್ನು ಮನೆಗೆ ಬಿಟ್ಟು, ಸೀರೆ ಬದಲಾಯಿಸಿ ಕಾರ್ಖಾನೆಗೆ ಹೋದಳು. ಮೂವತ್ತೇಳನೇ ದಿನವೂ ಬಂದಳು. ಮೂವತ್ತೆಂಟನೇ ದಿನವೂ.

ನಾನು ಇಪ್ಪತ್ತು ವರ್ಷದಿಂದ ಆ ಮೆಟ್ಟಿಲ ಮೇಲೆ ಕೂರುತ್ತಿದ್ದೇನೆ. ಅದು ನನ್ನ ಕೆಲಸ, ಅದಕ್ಕೆ ಸಂಬಳವಿದೆ. ದೊಡ್ಡ ತಾಳ್ಮೆಯವನೆಂದು ನನ್ನ ಬಗ್ಗೆ ನಾನೇ ತಿಳಿದುಕೊಂಡಿದ್ದೆ. ಅವಳನ್ನು ನೋಡಿದ ಮೇಲೆ ಆ ಮಾತನ್ನು ನಾನು ಯಾರೆದುರೂ ಎತ್ತಲಿಲ್ಲ. ಭಾನುವಾರವಿಲ್ಲದ ಕಾರ್ಖಾನೆ ದಿನವೂ ನಡೆಯುತ್ತಿತ್ತು. ತಟ್ಟಿ ತಟ್ಟಿ ಅವಳ ಗೆಣ್ಣು ಊದಿಕೊಂಡಿತ್ತು. ಊದಿದ ಆ ಬೆರಳಿನಲ್ಲೇ ಬೆಳಿಗ್ಗೆ ರಿಬ್ಬನ್ ಕಟ್ಟುತ್ತಿದ್ದಳು. ಮಗಳು ಹಟ ಮಾಡಿದ ದಿನ ಬೈಯಲಿಲ್ಲ, ಮಿಠಾಯಿಯ ಆಸೆಯನ್ನೂ ತೋರಿಸಲಿಲ್ಲ. ಹಲ್ಲುಜ್ಜಿಸುವಷ್ಟೇ ಸಲೀಸಾಗಿ ಹೊರಡಿಸಿಕೊಂಡು ಬರುತ್ತಿದ್ದಳು. ಹೋಗುವ ಬರುವ ಜನ ತಮಾಷೆ ಮಾಡಿದರು. ‘ರತ್ನಮ್ಮ, ಗಂಡು ಓಡಿಹೋಗ್ತಾನೆ ಅಂತ ಕಾವಲಾ?’ ಎಂದು ಯಾರೋ ಕೇಳಿದರು. ‘ಅವರ ಕಾಲಿಗಿಂತ ನಿನ್ನ ಬಾಯಿ ಜೋರು ಓಡುತ್ತೆ, ಅದನ್ನ ಕಾಯ್ಕೋ’ ಎಂದು ಇವಳು ಕೂತಲ್ಲಿಂದಲೇ ಹೇಳಿದಳು.

ತಬಿತ ದಿನಾ ಬಾಗಿಲಿನ ಬೀಗದ ಕಿಂಡಿಗೆ ಕಣ್ಣಿಟ್ಟು ನೋಡುವಳು.

‘ಒಳಗೆ ಏನೂ ಕಾಣ್ಸಲ್ಲ.’

‘ಬೆಂಚುಗಳಿವೆ’ ಎಂದೆ.

‘ಬೆಂಚು ಶಾಲೇಲೂ ಇದೆ.’

ಅಷ್ಟರಲ್ಲಿ ಊರು ಕೆಟ್ಟಿತ್ತು. ಮೊಳೆಗೆ ತೂಗುಹಾಕಿದ ಅಂಗಿಗಳು ಹಳದಿಯಾದವು. ಹುಟ್ಟಿದ ನಾಲ್ಕು ಕೂಸುಗಳಿಗೆ ದೀಕ್ಷಾಸ್ನಾನವಾಗದೆ ನಾಲ್ಕಕ್ಕೂ ಪಾಪು ಎಂದೇ ಹೆಸರು. ಗಂಡ ಹೆಂಡತಿಯರು ಚಿಕ್ಕಪುಟ್ಟದ್ದಕ್ಕೆ ಕಚ್ಚಾಡಿದರು. ಜಗಳವಾಡಿದವರು ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಸರಿಹೋಗುವುದು ರೂಢಿ, ಈಗ ಕೂರುವುದಕ್ಕೆ ಜಾಗವಿರಲಿಲ್ಲ. ನಾನು ನನ್ನ ಎಣಿಕೆಯಲ್ಲಿದ್ದೆ. ನಲವತ್ತೈದನೇ ದಿನ ಸಲೋಮಿ, ಮೀಕ ಬಂದರು. ತಬಿತ ಅವರನ್ನು ಬೆಪ್ಪಾಗಿ ನೋಡಿದಳು. ಐವತ್ತೆಂಟನೇ ದಿನ ಬಂದರು. ತಬಿತ ತನ್ನ ಬೂಟಿನ ತುದಿ ನೋಡಿಕೊಂಡು ಕೂತಿದ್ದಳು. ಎಪ್ಪತ್ತೊಂಬತ್ತನೇ ದಿನವೂ ಬಂದರು. ಬಿಸಿಲು ನೆಲ ಮುಟ್ಟಿತು. ನಾನು ಬಾಯಿ ಬಿಡುವಂತಿರಲಿಲ್ಲ. ಜೀವರತ್ನಳೂ ಮಗಳನ್ನು ಏನೂ ಕೇಳಲಿಲ್ಲ. ಸಲೋಮಿಗೆ, ಮೀಕನಿಗೆ ‘ನೀವು ಬಂದದ್ದು ಒಳ್ಳೇದಾಯ್ತು’ ಎಂದು ಇಬ್ಬರ ತಲೆಯನ್ನೂ ಸವರಿ ಕಳಿಸಿದಳು.

ತೊಂಬತ್ತೇಳನೇ ದಿನ ನನ್ನ ಧೈರ್ಯ ಮುಗಿಯಿತು. ತಬಿತ ಬೇಲಿಯ ಹತ್ತಿರ ಚಿಟ್ಟೆಯ ಹಿಂದೆ ಹೋಗಿದ್ದಾಗ ನಾನು ಗೋಪುರದ ಕೆಳಗೆ ಹೋಗಿ ಹಗ್ಗ ಹಿಡಿದೆ. ತಿರುಗಿದರೆ ಜೀವರತ್ನ ನಿಂತಿದ್ದಳು.

‘ಒಂದ್ ಸಲ ಎಳೆದ್ರೆ ಸಾಕು ರತ್ನ. ಇಡೀ ಊರು ಕಾಯ್ತಿದೆ. ಯಾವ ಮಗು ಹೇಳ್ತು ಅಂತ ಯಾರೂ ಕೇಳಲ್ಲ.’

‘ಹಾಡು ಹೊರಡದಿದ್ರೆ?’

‘ಹೆಸರು ಓದೋಕೆ ಹಾಡು ಬೇಕಾಗಿಲ್ಲ.’

ಅವಳು ಹಗ್ಗದ ಮೇಲಿದ್ದ ನನ್ನ ಕೈಯನ್ನು ನೋಡಿದಳು. ‘ಬಿರುಕು ಹಂಚು ಹೊದಿಸಿದ್ರೂ ಮನೆ ಚೆನ್ನಾಗೇ ಕಾಣುತ್ತೆ. ಒಳಗಿರೋರಿಗೂ ಗೊತ್ತಾಗಲ್ಲ. ಹೊದಿಸಿದೋರು ಮಾತ್ರ ಮೋಡ ಕಂಡಾಗಲೆಲ್ಲ ಮೇಲೆ ನೋಡ್ತಾ ಇರಬೇಕು. ನನಗೆ ಅಂಥ ಮನೆ ಬೇಡ.’ ಹೊರಡಲು ತಿರುಗಿ, ‘ಕೈ ಬಿಡಿ. ನಾಳೆ ಬರ್ತೀವಿ’ ಎಂದಳು.

ನಾನು ಕೈ ಬಿಟ್ಟೆ. ಆ ದಿನವೆಲ್ಲ ನನಗೆ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದಲೋ, ಇಂಥವಳನ್ನು ಕಳೆದುಕೊಳ್ಳಲು ಮೂರೇ ದಿನ ಉಳಿದಿದೆ ಎಂಬುದರಿಂದಲೋ, ಹೇಳಲಾರೆ.

ತೊಂಬತ್ತೊಂಬತ್ತನೇ ದಿನ ನಾನು ಕೂತು ಸ್ವಲ್ಪ ಹೊತ್ತಿಗೇ ತಾಯಿ ಮಗಳು ಬಂದರು. ಬಿಸಿಲು ಮೊದಲ ಮೆಟ್ಟಿಲಿಗೆ ಬಿದ್ದಾಗ ಸಲೋಮಿ ಬಂದು ‘ಇವತ್ತು’ ಎಂದಳು. ಮೂರನೇ ಮೆಟ್ಟಿಲಿಗೆ ಮೀಕ ಓಡಿ ಬಂದ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ‘ಇವತ್ತು’ ಎಂದ. ನೂರನೇ ದಿನವೂ ಭಾನುವಾರ ಬರುವುದು ಸಾಧ್ಯವಿರಲಿಲ್ಲ, ಎರಡು ದಿನ ಸಾಲಾಗಿ ಅದು ಎಂದೂ ಬಂದಿಲ್ಲ. ಇದೇ ಕೊನೆಯದು ಎಂದು ನನಗೆ ಗೊತ್ತಿತ್ತು, ಜೀವರತ್ನಳಿಗೆ ಗೊತ್ತಿತ್ತು. ನಾನು ನನ್ನ ಎರಡೂ ಅಂಗೈಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದು ಎದುರಿನ ರಸ್ತೆಯನ್ನು ನೋಡುತ್ತ ಕೂತೆ. ಐದನೇ ಮೆಟ್ಟಿಲು. ಜೀವರತ್ನ ದಿನದಂತೆ ಕಥೆ ಮುಗಿಸಿದಳು, ಪ್ರಾರ್ಥನೆ ಮುಗಿಸಿದಳು. ಆರನೇ ಮೆಟ್ಟಿಲು. ಅವಳು ಎದ್ದು ಸೀರೆ ಕೊಡವಿಕೊಂಡಳು. ಅವಳ ದನಿ ಒಂದಿಷ್ಟೂ ಬದಲಾಗಿರಲಿಲ್ಲ. ‘ಬಾ ಮಗ, ಹೋಗೋಣ.’

ತಬಿತ ಏಳಲಿಲ್ಲ. ‘ಅಮ್ಮ, ನಾಳೆ ಕೊನೆ ದಿನ ಅಲ್ವಾ?’

‘ಪ್ರಕಟಣೆಗೆ ಕೊನೆ ದಿನ.’

‘ನಾಡಿದ್ದು?’

‘ನಾಡಿದ್ದು ಏನು?’

‘ನಾಡಿದ್ದು ಬರ್ತೀವಾ ಇಲ್ಲಿಗೆ?’

‘ಬರ್ತೀವಿ.’

‘ಗಂಟೆ ಮಾಮನ್ನ ಮದುವೆ ಆಗೋ ಹಾಗಿಲ್ದಿದ್ರೂ?’

ಜೀವರತ್ನ ಮತ್ತೆ ಕೂತಳು. ಮಗಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ‘ಮದುವೆಗೆ ಅಂತ ನಿನ್ನನ್ನ ಕರ್ಕೊಂಡು ಬರ್ತಿದೀನಿ ಅಂದ್ಕೊಂಡಿದ್ಯಾ?’

ತಬಿತ ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

‘ಹುಚ್ಚಿ. ಮದುವೆಗೆ ಆಗಿದ್ರೆ ನಾಳೆಗೇ ನಿಲ್ಲಿಸ್ತಿದ್ದೆ. ನಿನಗೆ ಅಂತ ಬರ್ತಿರೋದು. ನಿಮ್ಮಪ್ಪ ಹೋದಾಗ ನನಗೆ ಕೂರೋಕೆ ಒಂದು ಜಾಗ ಗೊತ್ತಿತ್ತು. ಎಲ್ಲಿ ಹೋಗಿ ಅಳಬೇಕು ಅಂತ ನನ್ನ ಕಾಲಿಗೇ ಗೊತ್ತಿತ್ತು. ಯಾಕೆ ಅಂದ್ರೆ ನಮ್ಮಮ್ಮ ನನ್ನನ್ನ ಚಿಕ್ಕೋಳಿದ್ದಾಗ ಹೀಗೇ ಎಳ್ಕೊಂಡು ಹೋಗ್ತಿದ್ರು. ನಿನಗೂ ಒಂದು ಜಾಗ ಇರಲಿ ಅಂತ. ನಾಳೆನೂ ಬರ್ತೀವಿ, ನಾಡಿದ್ದೂ ಬರ್ತೀವಿ. ನಿನ್ನ ಕಾಲು ಉದ್ದ ಆಗಿ ನೀನೇ ನನಗಿಂತ ಮುಂದೆ ನಡೆಯೋವರೆಗೂ ಬರ್ತೀವಿ. ಈಗ ಏಳು, ಕೆಲಸಕ್ಕೆ ಹೊತ್ತಾಯ್ತು.’

ಬಿಸಿಲು ಏಳನೇ ಮೆಟ್ಟಿಲಿನ ಅಂಚಿನಲ್ಲಿತ್ತು. ತಬಿತ ಎದ್ದು ಬೂಟಿನ ಸದ್ದು ಮಾಡುತ್ತ ಮೆಟ್ಟಿಲು ಹತ್ತಿ ನನ್ನೆದುರು ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಸಿಟ್ಟು.

‘ಇವತ್ತು’ ಎಂದಳು. ಬಳಿಕ, ಆರಂಭಿಸಿದ ಮೇಲೆ ಮುಗಿಸಿಬಿಡೋಣ ಎಂಬಂತೆ, ‘ಹಿಂದಿನ ಎರಡು ಸಲಾನೂ ನಂಗೆ ಹೀಗೇ ಆಗಿತ್ತು. ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ’ ಎಂದಳು.

ನಾನು ಓಡಿಹೋಗಿ ಹಗ್ಗ ಹಿಡಿದೆ.

ಗಂಟೆ ಅಷ್ಟು ದಿನ ಸುಮ್ಮನಿದ್ದುದರಿಂದ ಮೊದಲ ಏಟಿಗೆ ಒಳಗಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಹೊರಬಿದ್ದವು. ಎರಡನೆಯ ಏಟಿಗೆ ಊರಿನಲ್ಲಿ ಎಲ್ಲೋ ಒಂದು ಪಾತ್ರೆ ಬಿತ್ತು. ಹತ್ತನೆಯದಕ್ಕೆ ಕಾರ್ಖಾನೆಯ ಚಕ್ರಗಳು ನಿಂತವು. ಆ ಸದ್ದು ನಿಂತಾಗಲೇ ಇಷ್ಟು ದಿನ ಅದು ನಮ್ಮ ತಲೆಯೊಳಗಿತ್ತೆಂದು ತಿಳಿದದ್ದು. ಜನ ಬಂದರು. ಹಳದಿಯಾದ ಅಂಗಿಯಲ್ಲಿ, ಮೈಗೆ ಹತ್ತಿದ ಜೇಡಿಮಣ್ಣಿನಲ್ಲಿ, ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡು, ಹೆಸರಿಲ್ಲದ ನಾಲ್ಕು ಕೂಸುಗಳನ್ನು ಎತ್ತಿಕೊಂಡು ಬಂದರು. ಎಲ್ಲರೂ ಎದ್ದು ನಿಂತು ಬಾಯಿ ತೆರೆಯುವಾಗ ಒಂದು ಕ್ಷಣ ಭಯವಿತ್ತು. ಹಾಡು ಹೊರಟಿತು. ಅಯ್ಯನವರು ಎರಡನೇ ಚರಣಕ್ಕೇ ಕನ್ನಡಕ ತೆಗೆದು ಒರೆಸಿಕೊಂಡರು. ತಬಿತ ಮುಂದಿನ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತು, ತಲೆ ಹಿಂದಕ್ಕೆ ಬಾಗಿಸಿ ಮಾಡು, ಕಿಟಕಿ, ಕಂಬ ಎಲ್ಲವನ್ನೂ ಸಾಲಾಗಿ ನೋಡಿದಳು. ಬೀಗದ ಕಿಂಡಿಯಿಂದ ಕಾಣದ್ದನ್ನೆಲ್ಲ ಒಂದೊಂದಾಗಿ ಪರಿಶೀಲಿಸುತ್ತಿರುವಂತಿತ್ತು.

ಅಯ್ಯನವರು ನಮ್ಮಿಬ್ಬರ ಹೆಸರನ್ನು ಮೂರನೆಯ ಸಲ ಓದಿದರು. ‘ಈ ಮದುವೆಗೆ ಯಾರದಾದರೂ ಆಕ್ಷೇಪವಿದ್ದರೆ ಈಗಲೇ ಹೇಳಬೇಕು’ ಎಂದರು. ಇದನ್ನು ಹೇಳಿ ಅವರು ಪುಟ ತಿರುಗಿಸುವುದು ವಾಡಿಕೆ. ತಬಿತ ಶಾಲೆಯಲ್ಲಿ ಎತ್ತುವಂತೆ ಕೈ ಎತ್ತಿದಳು.

ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಜೀವರತ್ನ ಮಗಳನ್ನು ಕೂರಿಸಲು ಹೋಗಲಿಲ್ಲ.

‘ಹೇಳಮ್ಮ’ ಎಂದರು ಅಯ್ಯನವರು.

‘ಮದುವೆ ಆದ್ಮೇಲೆ ನಾನು ಗಂಟೆ ಮಾಮನ ಮನೆಯೋಳಾಗ್ತೀನಿ. ಗಂಟೆ ಹೊಡೆಯೋರ ಮನೆ ಮಗು ಬಂದು ಹೇಳಿದ್ರೆ ಅದು ಲೆಕ್ಕಕ್ಕಿಲ್ವಂತೆ. ಸಲೋಮಿ ಹೇಳಿದ್ಲು.’

ಅದು ನಿಜ. ಗಂಟೆಯವನು ತನ್ನ ಮಗುವಿಗೆ ಹೇಳಿಕೊಟ್ಟಾನೆಂದು ಮಾಡಿದ ಹಳೆಯ ನಿಯಮ. ಇಪ್ಪತ್ತು ವರ್ಷ ಒಬ್ಬನೇ ಇದ್ದ ನನಗೆ ಅದರ ನೆನಪೇ ಇರಲಿಲ್ಲ. ಅಯ್ಯನವರಿಗೂ ಇರಲಿಲ್ಲವೆಂಬುದು ಅವರ ಮುಖದಲ್ಲೇ ಕಂಡಿತು.

‘ಹಾಗಾದರೆ ಈ ಮದುವೆ ಬೇಡ ಅಂತೀಯಾ?’ ಎಂದು ಅವರು ಮೆಲ್ಲಗೆ ಕೇಳಿದರು.

‘ಮದುವೆಗಲ್ಲ ಆಕ್ಷೇಪ. ಮದುವೆ ಆಗ್ಲಿ. ಇವರ ಮೇಲೆ.’ ತಬಿತ ಬೆಂಚಿನ ಮೇಲೆ ಹತ್ತಿ ಹಿಂದಕ್ಕೆ ತಿರುಗಿ ನಿಂತಳು. ‘ಎಲ್ಲರ ಮನೇಲೂ ಮಕ್ಕಳಿದಾರೆ. ಎಲ್ಲಿದಾರೆ?’

ಇನ್ನೂರು ಜನ ತಮ್ಮ ತಮ್ಮ ಪಕ್ಕವನ್ನು ನೋಡಿಕೊಂಡರು. ಇಷ್ಟೊಂದು ಆಸೆಯಿಂದ ಓಡಿಬಂದಿದ್ದರು, ಸಲೋಮಿ ಮೀಕರ ಮನೆಯವರನ್ನು ಬಿಟ್ಟು ಎಲ್ಲರೂ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ. ಮಲಗಿದ್ದಾವೆ ಪಾಪ ಎಂದು ಬಾಗಿಲು ಮುಂದೆ ಮಾಡಿ ಬರುವುದು ಅವರಿಗೆ ಅಷ್ಟು ರೂಢಿಯಾಗಿತ್ತು. ಅಯ್ಯನವರು ಮೂವತ್ತು ವರ್ಷ ಉಪದೇಶ ಮಾಡಿದ್ದಾರೆ. ಅಂಥ ಮೌನ ಅವರಿಗೂ ಒಮ್ಮೆಯೂ ಸಿಕ್ಕಿರಲಿಲ್ಲ. ಅದನ್ನು ಹಾಳುಮಾಡದೆ ಅವರು ಸುಮ್ಮನೆ ನಿಂತರು. ಕೊನೆಗೆ ಬಾಗಿಲ ಹತ್ತಿರ ಬೆಂಚು ಸರಿದ ಸದ್ದಾಯಿತು. ಪ್ರಿಯಲತಮ್ಮ ಎದ್ದಿದ್ದಳು. ‘ಎರಡು ನಿಮಿಷ ಅಯ್ನೋರೆ, ಓದೋದನ್ನ ನಿಲ್ಲಿಸಿರಿ’ ಎಂದು ಹೊರಗೆ ಹೋದಳು. ಅವಳ ಹಿಂದೆ ಅವಳ ಗಂಡ, ಅವನ ಹಿಂದೆ ಬಡಗಿಯ ಹೆಂಡತಿ, ಅವರ ಹಿಂದೆ ಎಷ್ಟೋ ಜನ. ಮಕ್ಕಳು ತಲೆ ಕೆದರಿಕೊಂಡು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಕೆಲವರು ಹೆಗಲ ಮೇಲೆ ನಿದ್ದೆಯಲ್ಲೇ ಬಂದರು. ಆಮೇಲೆ ಅಯ್ಯನವರು ಪುಟ ತಿರುಗಿಸಿದರು. ನಮ್ಮ ಮದುವೆ ಮುಂದಿನ ಭಾನುವಾರ, ಅದು ಯಾವತ್ತು ಬಂದರೂ, ಎಂದು ನಿಶ್ಚಯವಾಯಿತು.

ಮಾರನೆಯ ದಿನ ಒಂದನೆಯದು. ನಿನ್ನೆಯ ಉತ್ಸಾಹ ನಿನ್ನೆಗೇ ಮುಗಿದಿರುತ್ತದೆಂದು ತಿಳಿದು ನಾನು ಮುಂಜಾನೆ ಎಂದಿನಂತೆ ಹೋದೆ. ಜೀವರತ್ನ ಮೂರನೇ ಮೆಟ್ಟಿಲ ಮೇಲೆ ಕೂತು ಪ್ರಿಯಲತಮ್ಮನ ಕಿರಿಯವನ ತಲೆ ಬಾಚುತ್ತಿದ್ದಳು. ಪ್ರಿಯಲತಮ್ಮ ಇನ್ನೊಬ್ಬನ ಬೂಟಿನ ದಾರ ಕಟ್ಟುತ್ತಿದ್ದಳು. ಮೇಲಿನಿಂದ ಕೆಳಗಿನವರೆಗೆ ಹದಿನೇಳು ಮಕ್ಕಳಿದ್ದರು. ತಬಿತ ಅವರ ನಡುವೆ ಓಡಾಡುತ್ತ ಯಾರು ಎಲ್ಲಿ ಕೂರಬೇಕೆಂದು ಹೇಳುತ್ತಿದ್ದಳು.

‘ಇವತ್ತಾ?’ ಎಂದು ಒಂದು ಹುಡುಗಿ ಕಣ್ಣುಜ್ಜಿಕೊಳ್ಳುತ್ತ ಅವಳನ್ನು ಕೇಳಿತು.

‘ಅಲ್ಲ.’

‘ನಾಳೆನಾ?’

‘ನಂಗೇನು ಗೊತ್ತು? ಸರಿದು ಕೂತ್ಕೋ.’

ಹುಡುಗಿ ಸರಿದು ಕೂತಿತು. ನಾನು ಎಲ್ಲಾದರೂ ಜಾಗವಿದೆಯೇ ಎಂದು ಏಳೂ ಮೆಟ್ಟಿಲನ್ನು ನೋಡಿದೆ. ಎಲ್ಲೂ ಇರಲಿಲ್ಲ. ಚರ್ಚಿನ ಗೋಡೆಗೆ ಒರಗಿ ನಿಂತುಕೊಂಡೆ.